ಉಬ್ಬಸದ ಮಗುವೂ ಹಾಡಲಿ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಮಳೆ ಹಿಡಿಯಿತೆಂದರೆ ಚಿರೇಕಲ್ಲಿನ ಗೋಡೆ ಬೂಷ್ಟು ಹಿಡಿಯುತ್ತದೆ. ಹಾಸಿಗೆ, ಕಂಬಳಿ ವಾರಗಟ್ಟಲೆ ಬಿಸಿಲು ಕಾಣುವುದಿಲ್ಲ. ಬಚ್ಚಲೊಲೆಗೆ ಹಾಕಿದ ಹಸಿ ತೆಂಗಿನ ಸಿಪ್ಪೆಯ ಹೊಗೆ ಒಳಮನೆಗೂ ನುಗ್ಗುತ್ತದೆ. ಬೂಷ್ಟು, ಹಾಸಿಗೆಯ ನುಸಿ, ಹೊಗೆ, ನೆಗಡಿಯ ವೈರಸ್ಸು ಎಲ್ಲವೂ ಉಬ್ಬಸವನ್ನು ಕೆರಳಿಸುವಂಥವು. ಇದೇ ಊರುಗಳಲ್ಲಿ ಹಾಡಿಗೆ ಮಾತ್ರ ಬರವಿಲ್ಲ. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಕಟ್ಟಿದ ಇಡಗುಂಜಿ ಯಕ್ಷಗಾನ ಮೇಳದ ಸೀಮೆ ಇದು. ಸಂಜೆಯ ಭಜನೆ, ಹಿಂದೂಸ್ತಾನಿ ಪಾಠ, ಹೊನ್ನಾವರದ ಇಗರ್ಜಿಗಳ ಕೊಂಕಣಿ ಗಾಯನ, ಭಟ್ಕಳದ ಮಕ್ಕಳು ಉಸಿರು ಹಿಡಿದು ಕಲಿಯುವ ಕುರಾನ್ ಪಠಣ ಎಲ್ಲವೂ ಇವೆ. ಆದರೆ ಉಬ್ಬಸವಿರುವ ಮಗುವನ್ನು ‘ದಮ್ಮು ಬರ್ತದೆ, ನಿಂಗೆ ಬೇಡ’ ಎಂದು ಇವುಗಳಿಂದ ದೂರ ಕೂರಿಸುವುದೇ ರೂಢಿ. ಈ ರೂಢಿ ಬಿಡಬೇಕು. ಇನ್‌ಹೇಲರಿನ ಜೊತೆಗೆ ಹಾಡಿಗೂ ಆ ಮಗುವಿನ ದಿನಚರಿಯಲ್ಲಿ ಜಾಗ ಇರಬೇಕು ಎಂಬುದು ಈ ಅಧ್ಯಾಯದ ವಾದ.

ಉಬ್ಬಸದಲ್ಲಿ ಶ್ವಾಸನಾಳಗಳ ಒಳಪದರ ಬಾತುಕೊಳ್ಳುತ್ತದೆ, ಸುತ್ತಲಿನ ಸ್ನಾಯು ಬಿಗಿಯುತ್ತದೆ, ಕಫ ಕಟ್ಟುತ್ತದೆ. ಉಸಿರು ಎಳೆದುಕೊಳ್ಳುವುದೇ ಕಷ್ಟ ಎಂದು ನೋಡುವವರಿಗೆ ಅನ್ನಿಸಿದರೂ ಹೆಚ್ಚಿನ ತೊಂದರೆ ಇರುವುದು ಹೊರಗೆ ಬಿಡುವುದರಲ್ಲಿ. ಹಳೆಯ ಗಾಳಿ ಪೂರ್ತಿ ಹೋಗುವ ಮೊದಲೇ ಹೆದರಿದ ಮಗು ಮತ್ತೊಂದು ಉಸಿರು ಎಳೆಯುತ್ತದೆ. ಎದೆಯಲ್ಲಿ ಗಾಳಿ ಇನ್ನಷ್ಟು ತುಂಬುತ್ತದೆ, ಹೆದರಿಕೆಯೂ ಏರುತ್ತದೆ. ಹಾಡುವವರ ಉಸಿರಾಟದ ಕ್ರಮ ಇದಕ್ಕೆ ತದ್ವಿರುದ್ಧ: ಚಿಕ್ಕದಾಗಿ ಒಳಗೆ, ಉದ್ದಕ್ಕೆ ಹೊರಗೆ. ಗುರುಗಳು ತೊಡೆಯ ಮೇಲೆ ಬೆರಳು ತಟ್ಟುತ್ತ ಷಡ್ಜ ಹಿಡಿಸುವಾಗ ಮಗು ಹೆಗಲು ಎತ್ತಿದರೆ ಗದರುತ್ತಾರೆ, ಹೊಟ್ಟೆಯಿಂದ ದನಿ ಬರಲಿ ಎನ್ನುತ್ತಾರೆ. ಉಸಿರಾಟದ ವ್ಯಾಯಾಮ ಹೇಳಿಕೊಡುವ ಫಿಸಿಯೋಥೆರಪಿಸ್ಟ್ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ವ್ಯಾಯಾಮ ಮಕ್ಕಳಿಗೆ ಎರಡೇ ದಿನಕ್ಕೆ ಬೇಸರ, ಹಾಡು ಹಾಗಲ್ಲ.

ಪುರಾವೆ ಏನು ಹೇಳುತ್ತದೆ? ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ರಾಬರ್ಟ್ ಎಲಿ ಮತ್ತು ಡಾನ್ ಗೋರ್ಮನ್ ಅಲ್ಲಿನ ಮೂಲನಿವಾಸಿ ಮಕ್ಕಳ ಮೇಲೆ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹುಡುಗರು ಡಿಜರಿಡೂ ಎಂಬ ಉದ್ದನೆಯ ಮರದ ಕೊಳವೆವಾದ್ಯ ಊದಲು ಕಲಿತರು, ಹುಡುಗಿಯರು ಹಾಡಲು ಕಲಿತರು. ಆರಾಮ ಅನ್ನಿಸಿದೆ ಎಂದು ಇಬ್ಬರೂ ಹೇಳಿದರು. ಆದರೆ ಉಸಿರಾಟದ ಪರೀಕ್ಷೆಯಲ್ಲಿ ಸ್ಪಷ್ಟ ಸುಧಾರಣೆ ಕಂಡದ್ದು ಹುಡುಗರಲ್ಲಿ. ಹಾಡಿನ ಪರ ವಾದಿಸುವವರಿಗೆ ಇದು ಮುಜುಗರದ ಫಲಿತಾಂಶವೇ, ಮುಚ್ಚಿಡಬೇಕಾಗಿಲ್ಲ. ಇನ್ನು ಮಕ್ಕಳ ಉಬ್ಬಸಕ್ಕೆ ಉಸಿರಾಟದ ವ್ಯಾಯಾಮದ ಬಗ್ಗೆ ಕೊಕ್ರೇನ್ ಸಂಸ್ಥೆ 2016ರಲ್ಲಿ ಮಾಡಿದ ಪರಾಮರ್ಶೆಗೆ ಸಿಕ್ಕಿದ್ದು ಮೂರೇ ಅಧ್ಯಯನಗಳು. ಗಟ್ಟಿ ತೀರ್ಮಾನಕ್ಕೆ ಅವು ಸಾಲಲಿಲ್ಲ. ಹಾಗಾದರೆ ಹಾಡಿಸುವುದೇಕೆ ಎಂದು ಕೇಳಬಹುದು. ಔಷಧಿಯ ಬದಲಿಗೆ ಹಾಡು ಎಂದಿದ್ದರೆ ಇಷ್ಟು ತೆಳುವಾದ ಪುರಾವೆ ಸಾಲದು. ಔಷಧಿಯ ಜೊತೆಗೆ, ಖರ್ಚಿಲ್ಲದೆ, ಅಪಾಯವಿಲ್ಲದೆ, ಮಗುವಿಗೆ ಹೇಗೂ ಇಷ್ಟವಾದದ್ದನ್ನು ಮಾಡಿಸುವುದಕ್ಕೆ ಅಷ್ಟು ಸಾಕು. ಇಂಥ ರಾಗ ಕೇಳಿಸಿದರೆ ಉಬ್ಬಸ ವಾಸಿ ಎಂದು ಪಟ್ಟಿ ಕೊಡುವ ‘ರಾಗಚಿಕಿತ್ಸೆ’ಯ ಮಾತೇ ಬೇರೆ. ಬಾತುಕೊಂಡ ಶ್ವಾಸನಾಳಕ್ಕೆ ಭೈರವಿ, ಭೂಪಾಲಿಗಳ ವ್ಯತ್ಯಾಸ ತಿಳಿಯದು. ಪದ್ಯವಾದರೂ ಸರಿ, ಭಜನೆಯಾದರೂ ಸರಿ, ಕೆಲಸ ಮಾಡಬೇಕಾದದ್ದು ಮಗುವಿನ ಸ್ವಂತ ಉಸಿರು.

ಹಾಡುವ ಮನೆಗಳಿಂದ ಬರುವ ಆಕ್ಷೇಪ ಇದಕ್ಕಿಂತ ಚುರುಕಾದದ್ದು: ಇನ್‌ಹೇಲರಿನಿಂದ ಕಂಠ ಕೆಡುತ್ತದೆ. ಇದರಲ್ಲಿ ನಿಜವಿದೆ. ಸ್ಟೀರಾಯ್ಡ್ ಇನ್‌ಹೇಲರ್ ಕೆಲವರಲ್ಲಿ ದನಿಯನ್ನು ಒಡಕು ಮಾಡುತ್ತದೆ, ಬಾಯಲ್ಲಿ ಬಿಳಿ ಅಗ್ರ ತರುತ್ತದೆ. ಇನ್‌ಹೇಲರಿಗೆ ಜೋಡಿಸುವ ಸ್ಪೇಸರ್ ಕೊಳವೆ ಬಳಸಿ, ಆಮೇಲೆ ಬಾಯಿ ಮುಕ್ಕಳಿಸಿದರೆ ಅಗ್ರದ ಕಾಟ ಬಹುಮಟ್ಟಿಗೆ ತಗ್ಗುತ್ತದೆ. ದನಿ ಒಡೆದೇ ಇದ್ದರೆ ವೈದ್ಯರು ಪ್ರಮಾಣವನ್ನೋ ಔಷಧಿಯನ್ನೋ ಬದಲಿಸಬಲ್ಲರು. ಕಂಠ ಉಳಿಸಲೆಂದು ಔಷಧಿ ನಿಲ್ಲಿಸುವುದು ಮಾತ್ರ ದುಬಾರಿ. 2019ರ ಅಂದಾಜಿನಂತೆ ಜಗತ್ತಿನ ಉಬ್ಬಸ ರೋಗಿಗಳಲ್ಲಿ ಸುಮಾರು ಶೇ 13ರಷ್ಟು ಜನ ಭಾರತದವರು, ಆ ಕಾಯಿಲೆಯ ಸಾವುಗಳಲ್ಲಿ ನಮ್ಮ ಪಾಲು ಶೇ 42ರ ಆಸುಪಾಸು. ಈ ಅಂತರಕ್ಕೆ ದೊಡ್ಡ ಕಾರಣ ದಿನವೂ ತೆಗೆದುಕೊಳ್ಳಬೇಕಾದ ಔಷಧಿಯನ್ನು ತೆಗೆದುಕೊಳ್ಳದಿರುವುದು. ಹಾಗೆ ನೋಡಿದರೆ ಹಾಡು ಕಲಿತ ಮಗುವಿಗೇ ಇನ್‌ಹೇಲರ್ ಚೆನ್ನಾಗಿ ಒಗ್ಗಬೇಕು. ಸ್ಪ್ರೇ ಇನ್‌ಹೇಲರಿನ ಔಷಧಿಯನ್ನು ನಿಧಾನವಾಗಿ ಎಳೆದು ಹತ್ತು ಸೆಕೆಂಡು ಹಿಡಿದಿಡಬೇಕು. ಅವಸರಪಟ್ಟರೆ ಅದು ಗಂಟಲಲ್ಲೇ ಉಳಿಯುತ್ತದೆ. ಝಪತಾಲಕ್ಕೆ ಹತ್ತು ಮಾತ್ರೆ. ಸೆಕೆಂಡಿಗೊಂದರಂತೆ ಮನಸ್ಸಿನಲ್ಲೇ ಒಂದು ಆವರ್ತನ ಎಣಿಸಿದರೆ ಲೆಕ್ಕ ಸರಿಹೋಯಿತು.

ಹಾಡಿಗೆ ಅದರದೇ ಮಿತಿಗಳಿವೆ. ಏರುಶ್ರುತಿಯಲ್ಲಿ ಕಿರುಚಿಸಬಾರದು. ಊದುಬತ್ತಿ ಹೊಗೆ ತುಂಬಿದ ಭಜನೆಯ ಕೋಣೆ, ದೂಳು ಹಿಡಿದ ಜಮಖಾನೆ ಇದ್ದಲ್ಲಿ ಹಾಡಿನಿಂದ ಬಂದ ಲಾಭ ಅಲ್ಲೇ ಕರಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ದಮ್ಮು ಕಟ್ಟಿದ ಹೊತ್ತಿನಲ್ಲಿ ಹಾಡಿಸುವಂತಿಲ್ಲ. ಮಗು ಒಂದು ವಾಕ್ಯ ಪೂರ್ತಿ ಹೇಳಲಾರದೆ ನಿಂತರೆ, ಪಕ್ಕೆಲುಬಿನ ನಡುವೆ ಚರ್ಮ ಒಳಕ್ಕೆ ಸೆಳೆದುಕೊಂಡರೆ, ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಶ್ವಾಸನಾಳ ಸಡಿಲಿಸುವ ಸಾಲ್ಬುಟಮಾಲ್ ಕೊಟ್ಟು ತಾಲ್ಲೂಕು ಆಸ್ಪತ್ರೆಗೆ ಹೊರಡಬೇಕು. ದೊಡ್ಡ ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿಯ ದಾರಿ ಹಿಡಿಯಬೇಕಾದ ಜಿಲ್ಲೆಯಲ್ಲಿ, ಮಳೆಗಾಲದ ರಾತ್ರಿ, ‘ಸ್ವಲ್ಪ ನೋಡುವಾ’ ಎಂದು ಕಾಯುವುದು ಸಲ್ಲ. ಉಳಿದ ದಿನಗಳಲ್ಲಿ ಹಾಡಿನಿಂದ ಪ್ರಯೋಜನ ಆಗುತ್ತಿದೆಯೋ ಇಲ್ಲವೋ ಎಂಬುದನ್ನು ಮನೆಯವರೇ ಅಳೆದು ನೋಡಬಹುದು. ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆಗೆ ಮಗು ನಿಂತುಕೊಂಡು ಮೂರು ಸಲ ಜೋರಾಗಿ ಊದಬೇಕು. ಮುಳ್ಳು ಅತಿ ಹೆಚ್ಚು ಏರಿದ ಅಂಕಿಯನ್ನು ಬೆಳಿಗ್ಗೆ, ಸಂಜೆ ಪಾಠದ ಪಟ್ಟಿಯ ಹಿಂಬದಿಯಲ್ಲಿ ಬರೆದಿಟ್ಟು, ಮುಂದಿನ ಭೇಟಿಯಲ್ಲಿ ವೈದ್ಯರಿಗೆ ತೋರಿಸಿದರಾಯಿತು.