ಗಣಕಕ್ಕೇಕೆ ಈ ಅಕ್ಷರಭೇದ?

ಇಂಗ್ಲಿಷ್ ಕಲಿಯುವ ನಮ್ಮ ಮಕ್ಕಳು ಎಬಿಸಿಡಿಯನ್ನು ಎರಡು ಸಲ ಕಲಿಯಬೇಕು. ಮೊದಲು ದೊಡ್ಡದು, ಆಮೇಲೆ ಚಿಕ್ಕದು. ಎರಡೂ ಒಂದೇ ಅಕ್ಷರದ ಎರಡು ರೂಪಗಳೆಂಬುದು ಮನದಟ್ಟಾಗಲು ಕೆಲವು ತಿಂಗಳುಗಳೇ ಬೇಕು. ಅದೇ ಮಗು ಬೆಳೆದು ಕಂಪ್ಯೂಟರ್ ಪ್ರೋಗ್ರಾಂ ಬರೆಯಲು ಕುಳಿತಾಗ ಈ ಪಾಠ ತಲೆಕೆಳಗಾಗುತ್ತದೆ. ‘ಟೋಟಲ್’ ಎಂಬ ಹೆಸರನ್ನು ಒಂದು ಸಾಲಿನಲ್ಲಿ ಸಣ್ಣಕ್ಷರಗಳಲ್ಲಿ ಬರೆದು, ಮುಂದಿನ ಸಾಲಿನಲ್ಲಿ ಅದರ ಮೊದಲ ಅಕ್ಷರವನ್ನು ದೊಡ್ಡದಾಗಿಸಿದರೆ ಸಾಕು. ಇಂಥ ಹೆಸರೇ ತನಗೆ ಗೊತ್ತಿಲ್ಲವೆಂದು ಯಂತ್ರ ಕೆಲಸ ನಿಲ್ಲಿಸುತ್ತದೆ.

ಪ್ರೋಗ್ರಾಂ ಎಂದರೆ ಗಣಕಕ್ಕೆ ಕೊಡುವ ಸೂಚನೆಗಳ ಸರಣಿ. ಅದರಲ್ಲಿ ಬರುವ ಮೊತ್ತ, ಅಂಕ, ಬಾಕಿ ಮುಂತಾದವುಗಳಿಗೆ ಬರೆಯುವವರೇ ಒಂದೊಂದು ಹೆಸರಿಡುತ್ತಾರೆ. ಆ ಹೆಸರುಗಳಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಎಣಿಸಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವವರು ಆಯಾ ಪ್ರೋಗ್ರಾಂ ಭಾಷೆಯನ್ನು ರೂಪಿಸಿದವರು. ಇದು ಗಣಿತದ ನಿಯಮವಲ್ಲ, ಮನುಷ್ಯರ ಆಯ್ಕೆ.

ಈ ಎರಡು ರೂಪಗಳು ಗಣಕಕ್ಕಿಂತ ಬಹಳ ಹಳೆಯವು. ಪ್ರಾಚೀನ ರೋಮನ್ನರು ಕಲ್ಲಿನಲ್ಲಿ ಕೆತ್ತಿದ್ದು ದೊಡ್ಡಕ್ಷರಗಳನ್ನು. ಇಂದಿನ ಸಣ್ಣಕ್ಷರಗಳ ಮೂಲರೂಪ ಯುರೋಪಿನಲ್ಲಿ ನೆಲೆಗೊಂಡದ್ದು ಕ್ರಿ.ಶ. 800ರ ಸುಮಾರಿಗೆ, ಶಾರ್ಲಮೇನ್ ದೊರೆಯ ಕಾಲದಲ್ಲಿ. ಮುದ್ರಣ ಬಂದ ಮೇಲೆ ಮೊಳೆ ಜೋಡಿಸುವವರು ದೊಡ್ಡಕ್ಷರದ ಮೊಳೆಗಳನ್ನು ಮೇಲಿನ ಪೆಟ್ಟಿಗೆಯಲ್ಲೂ ಸಣ್ಣವನ್ನು ಕೆಳಗಿನದರಲ್ಲೂ ಇಡುತ್ತಿದ್ದರು. ‘ಅಪ್ಪರ್ ಕೇಸ್’, ‘ಲೋವರ್ ಕೇಸ್’ ಎಂಬ ಹೆಸರುಗಳು ಬಂದದ್ದು ಹೀಗೆ.

ಮೊದಮೊದಲಿನ ಗಣಕಗಳಲ್ಲಿ ಈ ಪ್ರಶ್ನೆಯೇ ಇರಲಿಲ್ಲ. 1957ರಲ್ಲಿ ಫೋರ್ಟ್ರಾನ್ ಭಾಷೆ ಬಂದಾಗ ಅದು ಓಡಿದ ಐಬಿಎಂ 704 ಯಂತ್ರದಲ್ಲಿ ಒಂದು ಅಕ್ಷರಕ್ಕೆ ಆರು ಬಿಟ್‌ಗಳ ಜಾಗ. ಅಷ್ಟರಲ್ಲಿ ಮೂಡಿಸಬಹುದಾದ ಚಿಹ್ನೆಗಳು 64 ಮಾತ್ರ. 26 ದೊಡ್ಡಕ್ಷರ, 26 ಸಣ್ಣಕ್ಷರ, 10 ಅಂಕಿ ಸೇರಿದರೆ 62. ಕೂಡುವ, ಕಳೆಯುವ ಚಿಹ್ನೆಗಳನ್ನಿಟ್ಟರೆ ಆವರಣಕ್ಕೂ ಅಲ್ಪವಿರಾಮಕ್ಕೂ ಜಾಗವೆಲ್ಲಿ? ಹಾಗಾಗಿ ಎಲ್ಲವೂ ದೊಡ್ಡಕ್ಷರದಲ್ಲೇ ನಡೆಯುತ್ತಿತ್ತು.

‘ಆಸ್ಕಿ’ ಎಂಬ ಅಕ್ಷರ ಸಂಕೇತ ಪದ್ಧತಿ 1963ರಲ್ಲಿ ಬಂತು. ಸಣ್ಣಕ್ಷರಗಳು ಅದರಲ್ಲಿ ಭದ್ರವಾಗಿ ಸ್ಥಾನ ಪಡೆದದ್ದು 1967ರ ಪರಿಷ್ಕರಣೆಯಲ್ಲಿ. ಇದರಲ್ಲಿ ದೊಡ್ಡ ‘ಎ’ಗೆ 65, ಸಣ್ಣ ‘ಎ’ಗೆ 97. ನಮಗೆ ಒಂದೇ ಅಕ್ಷರವಾದದ್ದು ಯಂತ್ರಕ್ಕೆ ಎರಡು ಬೇರೆ ಸಂಖ್ಯೆ! ಎರಡೂ ಒಂದೇ ಎಂದು ಅದಕ್ಕೆ ಪ್ರತ್ಯೇಕವಾಗಿ ಹೇಳಿಕೊಡಬೇಕು. ಪಾಸ್ಕಲ್, ಏಡಾ ಭಾಷೆಗಳು ಹಾಗೆ ಹೇಳಿಕೊಟ್ಟವು. 1970ರ ದಶಕದ ಆರಂಭದಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ರೂಪಿಸಿದ ‘ಸಿ’ ಭಾಷೆ ಸಂಖ್ಯೆ ಇದ್ದಂತೆಯೇ ಇರಲಿ ಎಂದಿತು. ‘ಸಿ’ಯ ದಾರಿ ಹಿಡಿದ ಜಾವಾ, ಜಾವಾಸ್ಕ್ರಿಪ್ಟ್‌ಗಳಲ್ಲೂ ಅಕ್ಷರಭೇದ ಉಳಿಯಿತು.

ಇದರ ಬಿಸಿ ತಟ್ಟುವುದು ಹೊಸಬರಿಗೆ. 1990ರ ದಶಕದಲ್ಲಿ ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ರ‍್ಯಾಂಡಿ ಪೌಶ್ ತಂಡ ‘ಆಲಿಸ್’ ಎಂಬ ಕಲಿಕೆಯ ತಂತ್ರಾಂಶವನ್ನು ಪೈಥಾನ್ ಭಾಷೆಯ ಆಧಾರದಲ್ಲಿ ಸಿದ್ಧಪಡಿಸಿತು. ಹೊಸ ವಿದ್ಯಾರ್ಥಿಗಳು ಎರಡು ಕಡೆ ಎಡವುವುದು ತಂಡದ ಗಮನಕ್ಕೆ ಬಂತು. ಒಂದು, ಅಕ್ಷರಭೇದ. ಇನ್ನೊಂದು, ಒಂದನ್ನು ಎರಡರಿಂದ ಭಾಗಿಸಿದರೆ ಸೊನ್ನೆ ಎನ್ನುವ ಲೆಕ್ಕ. ತಂಡ ತನ್ನ ಬಳಕೆಯ ಪೈಥಾನನ್ನೇ ತಿದ್ದಿಕೊಂಡಿತು. ಪೈಥಾನಿನ ಕರ್ತೃ ಗೀಡೋ ವಾನ್ ರೋಸಮ್ ಕೂಡ 2000ದ ಸುಮಾರಿಗೆ ಎರಡನ್ನೂ ಬದಲಿಸುವ ಯೋಚನೆ ಮಾಡಿದರು. ಭಾಗಾಕಾರವೇನೋ 2008ರ ಮೂರನೆಯ ಆವೃತ್ತಿಯಲ್ಲಿ ಸರಿಹೋಯಿತು. ಅಕ್ಷರಭೇದ ಹಾಗೆಯೇ ಉಳಿಯಿತು.

ಉಳಿಸಿಕೊಳ್ಳುವವರ ವಾದದಲ್ಲೂ ಹುರುಳಿದೆ. ದೊಡ್ಡಕ್ಷರದಿಂದ ಆರಂಭವಾದರೆ ಇಂಥ ಬಗೆಯ ಹೆಸರು, ಎಲ್ಲವೂ ದೊಡ್ಡಕ್ಷರವಾದರೆ ಬದಲಾಗದ ಬೆಲೆ ಎಂಬ ರೂಢಿ ಓದುವವರಿಗೆ ನೆರವಾಗುತ್ತದೆ. ಮೇಲಾಗಿ ‘ಒಂದೇ’ ಎನ್ನುವುದೂ ಸುಲಭವಲ್ಲ. 1928ರಲ್ಲಿ ರೋಮನ್ ಲಿಪಿಗೆ ಬದಲಾದ ತುರ್ಕಿ ಭಾಷೆಯಲ್ಲಿ ‘ಐ’ ಅಕ್ಷರ ಎರಡು ಬಗೆ: ಚುಕ್ಕಿ ಇರುವುದು, ಇಲ್ಲದ್ದು. ಎರಡಕ್ಕೂ ದೊಡ್ಡ, ಸಣ್ಣ ರೂಪಗಳಿವೆ. ಇಂಗ್ಲಿಷಿನವರು ಒಂದೇ ಎನ್ನುವ ಚುಕ್ಕಿಯಿಲ್ಲದ ದೊಡ್ಡ ‘ಐ’, ಚುಕ್ಕಿಯುಳ್ಳ ಸಣ್ಣ ‘ಐ’ ಜೋಡಿ ತುರ್ಕಿಯವರಿಗೆ ಎರಡು ಬೇರೆ ಅಕ್ಷರ. ಯಾರ ಮಾತು ಕೇಳಬೇಕು?

ಕನ್ನಡ ಲಿಪಿಯಲ್ಲಿ ದೊಡ್ಡದು ಚಿಕ್ಕದೆಂಬ ಭೇದವಿಲ್ಲ. ಆದರೂ ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಟೈಪ್ ಮಾಡುವವರಿಗೆ ಅದರ ಬೆಲೆ ಗೊತ್ತು. 1998ರಲ್ಲಿ ಬಂದ ‘ಬರಹ’ ತಂತ್ರಾಂಶದಲ್ಲಿ ಸಣ್ಣ ‘ಎಲ್’ ಒತ್ತಿದರೆ ‘ಲ’, ದೊಡ್ಡದನ್ನು ಒತ್ತಿದರೆ ‘ಳ’. ಇಲ್ಲಿ ಭೇದ ಬಿಟ್ಟರೆ ಹುಲಿಗೂ ಹುಳಿಗೂ ವ್ಯತ್ಯಾಸವಿರದು!

ಭೇದವಿರಲಿ, ಆದರೆ ಎಡವಿದವರಿಗೆ ಯಂತ್ರ ದಾರಿ ತೋರಿಸಲಿ ಎನ್ನುವುದು ಈಗ ಕಾಣುತ್ತಿರುವ ನಡುದಾರಿ. 2021ರ ಪೈಥಾನ್ 3.10 ಆವೃತ್ತಿಯಿಂದ, ಹೆಸರು ತಪ್ಪಿದಾಗ ಹತ್ತಿರದ ಹೆಸರನ್ನು ತೋರಿಸಿ ‘ನೀವು ಹೇಳಿದ್ದು ಇದೇನಾ?’ ಎಂದು ಯಂತ್ರವೇ ಕೇಳುತ್ತದೆ. ಹೆಸರುಗಳನ್ನು ಕನ್ನಡ ಅಕ್ಷರಗಳಲ್ಲೇ ಇಡಲು 2008ರಿಂದ ಪೈಥಾನಿನಲ್ಲಿ ಅವಕಾಶವಿದೆ. ‘ಮೊತ್ತ’ ಎಂದು ಹೆಸರಿಟ್ಟ ವಿದ್ಯಾರ್ಥಿಗೆ ಕಾಗುಣಿತದ ಚಿಂತೆಯಷ್ಟೇ ಸಾಕು, ದೊಡ್ಡದು ಚಿಕ್ಕದರ ಗೊಡವೆಯಿಲ್ಲ.