ಋತುಭೇದಕ್ಕೆ ಕಾರಣ ಸೂರ್ಯನ ದೂರವಲ್ಲ, ಭೂಮಿಯ ಓರೆ

ಬೇಸಿಗೆ ಏಕೆ ಬರುತ್ತದೆ ಎಂದು ಮಕ್ಕಳನ್ನು ಕೇಳಿದರೆ, ಆಗ ಭೂಮಿ ಸೂರ್ಯನ ಸಮೀಪಕ್ಕೆ ಹೋಗುತ್ತದೆ ಎಂಬ ಉತ್ತರವೇ ಹೆಚ್ಚಾಗಿ ದೊರೆಯುತ್ತದೆ. ಹಿರಿಯರಲ್ಲಿಯೂ ಅನೇಕರ ತಿಳಿವಳಿಕೆ ಅದೇ. ಒಲೆಯ ಹತ್ತಿರ ಕುಳಿತರೆ ಬಿಸಿ, ದೂರ ಸರಿದರೆ ತಂಪು ಎಂಬ ಅನುಭವದಿಂದ ಹುಟ್ಟಿದ ಊಹೆಯಿದು. ಇಲ್ಲಿ ಮಾತ್ರ ಸಲ್ಲದು. ಭೂಮಿಯು ಸೂರ್ಯನಿಗೆ ಅತಿ ಸಮೀಪವಿರುವುದು ಜನವರಿಯ ಮೊದಲ ವಾರದಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ಅಂತರದಲ್ಲಿ. ಆಗ ನಮಗೆ ಚಳಿಗಾಲ! ಜುಲೈ ಆರಂಭದಲ್ಲಿ ಆ ಅಂತರ 15.2 ಕೋಟಿ. ಮೇಲಾಗಿ, ನಮಗೆ ಚಳಿಯಿರುವಾಗ ಆಸ್ಟ್ರೇಲಿಯಾದಲ್ಲಿ ಬೇಸಿಗೆ. ದೂರವೇ ಕಾರಣವಾಗಿದ್ದರೆ ಭೂಮಿಗೆಲ್ಲ ಒಂದೇ ಋತುವಿರಬೇಕಿತ್ತು.

ಭೂಮಿಯ ಅಕ್ಷವು ಸುಮಾರು 23.5 ಡಿಗ್ರಿಯಷ್ಟು ಓರೆಯಾಗಿದೆ. ವರ್ಷವಿಡೀ ಅದರ ಉತ್ತರ ತುದಿ ಧ್ರುವನಕ್ಷತ್ರದತ್ತಲೇ ಇರುತ್ತದೆ. ಹೀಗಾಗಿ ಜೂನ್‌ನಲ್ಲಿ ಉತ್ತರಾರ್ಧಗೋಳ ಸೂರ್ಯನತ್ತ ವಾಲಿದ್ದರೆ, ಡಿಸೆಂಬರ್‌ನಲ್ಲಿ ದಕ್ಷಿಣಾರ್ಧಗೋಳ ವಾಲಿರುತ್ತದೆ. ಟಾರ್ಚಿನ ಬೆಳಕನ್ನು ಗೋಡೆಗೆ ನೇರವಾಗಿ ಬಿಟ್ಟು, ಅನಂತರ ಓರೆಯಾಗಿ ಬಿಟ್ಟು ನೋಡಿರಿ. ಓರೆಯಾದಾಗ ಅದೇ ಬೆಳಕು ಹೆಚ್ಚು ಜಾಗಕ್ಕೆ ಹರಡಿ ಮಂಕಾಗುತ್ತದೆ. ಬಿಸಿಲೂ ಹಾಗೆಯೇ. ಜೊತೆಗೆ, ವಾಲಿದ ಭಾಗಕ್ಕೆ ಹಗಲೂ ದೀರ್ಘ.

ಹಾಗಿದ್ದರೆ ನಮ್ಮ ಸೆಕೆ ಜೂನ್ ಬಿಟ್ಟು ಏಪ್ರಿಲ್–ಮೇ ತಿಂಗಳಲ್ಲಿ ಏಕೆ? ಚುರುಕಾದ ವಿದ್ಯಾರ್ಥಿ ಕೇಳಲೇಬೇಕಾದ ಪ್ರಶ್ನೆಯಿದು. ಕರ್ನಾಟಕವು ಸಮಭಾಜಕವೃತ್ತಕ್ಕೂ ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೂ ನಡುವೆ ಇರುವುದರಿಂದ ಸೂರ್ಯನು ವರ್ಷಕ್ಕೆ ಎರಡು ಬಾರಿ ನಮ್ಮ ನೆತ್ತಿಯ ಮೇಲೆ ಹಾದುಹೋಗುತ್ತಾನೆ. ಮೊದಲ ಬಾರಿ ಬೆಂಗಳೂರಿನಲ್ಲಿ ಏಪ್ರಿಲ್ 24–25ರ ಸುಮಾರಿಗೆ, ಧಾರವಾಡದಲ್ಲಿ ಮೇ ಮೊದಲ ವಾರ, ಬೀದರಿನಲ್ಲಿ ಎರಡನೆಯ ವಾರ. ಅಂದು ನಡುಹಗಲಿನಲ್ಲಿ ನೆಟ್ಟಗಿರುವ ಕಂಬಕ್ಕೆ ನೆರಳೇ ಇರದು. ಜೂನ್ ವೇಳೆಗೆ ಮುಂಗಾರಿನ ಮೋಡ ಬಿಸಿಲನ್ನು ತಡೆಯುತ್ತದೆ. ಆ ಮುಂಗಾರೂ ಈ ಓರೆಯ ಕೊಡುಗೆಯೇ: ಬೇಸಿಗೆಯಲ್ಲಿ ನೆಲವು ಕಡಲಿಗಿಂತ ಬೇಗ ಕಾದು ತೇವದ ಗಾಳಿಯನ್ನು ಒಳಗೆಳೆಯುತ್ತದೆ.

ಮಕ್ಕಳು ಅಂಗಳದಲ್ಲಿ ಒಂದು ಕೋಲು ನೆಟ್ಟು, ವಾರಕ್ಕೊಮ್ಮೆ ಮಧ್ಯಾಹ್ನದ ಅತಿ ಗಿಡ್ಡ ನೆರಳನ್ನು ಅಳೆದು ಬರೆದಿಡಲಿ. ಡಿಸೆಂಬರ್ 21–22ರಂದು ಅದು ಉಳಿದೆಲ್ಲ ದಿನಗಳಿಗಿಂತ ಉದ್ದವಾಗಿದ್ದು, ಬಳಿಕ ಕುಗ್ಗತೊಡಗುತ್ತದೆ. ಸೂರ್ಯನು ಉತ್ತರಕ್ಕೆ ತಿರುಗುವುದು ವಾಸ್ತವವಾಗಿ ಅಂದೇ. ಸಂಕ್ರಾಂತಿಯನ್ನು ನಾವು ನಕ್ಷತ್ರಗಳ ಲೆಕ್ಕದಿಂದ ಎಣಿಸುತ್ತೇವೆ. ಭೂಮಿಯ ಅಕ್ಷವೋ ಬುಗುರಿಯಂತೆ ಸುಮಾರು 26,000 ವರ್ಷಗಳಿಗೊಮ್ಮೆ ನಿಧಾನವಾಗಿ ಸುತ್ತುತ್ತದೆ. ಆದ್ದರಿಂದ ಇವೆರಡರ ನಡುವೆ ಸುಮಾರು 70 ವರ್ಷಗಳಿಗೆ ಒಂದು ದಿನದಂತೆ ಅಂತರ ಬೆಳೆದಿದೆ. ನಾವು ಎಳ್ಳು–ಬೆಲ್ಲ ಹಂಚುವ ಹೊತ್ತಿಗೆ ಕೋಲಿನ ನೆರಳು ಮೂರು ವಾರಗಳಿಂದ ಕುಗ್ಗುತ್ತಲೇ ಬಂದಿರುತ್ತದೆ.