ಹಳೆಯ ಪೋಲೊ ಜಿಟಿಗೆ ಹೊಸ ಅಲಾಯ್: ದಿಲ್ಲಿ ರಸ್ತೆಗೆ ಯಾವ ರಿಮ್, ಯಾವ ಟೈರ್?

ದಿಲ್ಲಿ ಮತ್ತು ಎನ್‌ಸಿಆರ್‌ನಲ್ಲಿ ಹಳೆಯ ಸ್ಪೋರ್ಟಿ ಕಾರಿಗೆ ಹೊಸ ಅಲಾಯ್ ವೀಲ್, ಹೊಸ ಟೈರ್ ಹಾಕಿಸುವ ಲೆಕ್ಕ ಶುರುವಾಗುವುದು ಆರ್‌ಸಿಯಲ್ಲಿರುವ ನೋಂದಣಿ ದಿನಾಂಕದಿಂದ. ಹತ್ತು ವರ್ಷ ದಾಟಿದ ಡೀಸೆಲ್, ಹದಿನೈದು ವರ್ಷ ದಾಟಿದ ಪೆಟ್ರೋಲ್ ವಾಹನಗಳು ಇಲ್ಲಿ ಓಡಕೂಡದು ಎಂಬ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಆದೇಶವನ್ನು ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್‌ನಲ್ಲಿ ಎತ್ತಿಹಿಡಿಯಿತು. ವಯಸ್ಸೊಂದನ್ನೇ ನೋಡಿ ಮಾಲೀಕರ ಮೇಲೆ ಬಲವಂತದ ಕ್ರಮ ಬೇಡ ಎಂದು ಅದೇ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಡಿಸೆಂಬರ್‌ನಲ್ಲಿ ಆ ರಕ್ಷಣೆಯನ್ನು ಬಿಎಸ್-4 ಮತ್ತು ಅದರ ನಂತರದ ಹೊಗೆ ಮಾನದಂಡಗಳ ವಾಹನಗಳಿಗಷ್ಟೇ ಉಳಿಸಿತು. ಬೆಂಗಳೂರಿನಲ್ಲಾದರೆ ಹದಿನೈದು ದಾಟಿದ ಕಾರಿಗೂ ಎಫ್‌ಸಿ ಮಾಡಿಸಿ, ಗ್ರೀನ್ ಟ್ಯಾಕ್ಸ್ ಕಟ್ಟಿ ಓಡಿಸಬಹುದು. ಹೀಗಾಗಿ ಒಂದು ಕಾಲದಲ್ಲಿ ಹುಡುಗರ ಕನಸಾಗಿದ್ದ ಹೋಂಡಾ ಸಿಟಿ ವಿಟೆಕ್, ಫಿಯಟ್ ಪಾಲಿಯೊ 1.6 ಜಿಟಿಎಕ್ಸ್, ಮೊದಲ ಆಕ್ಟೇವಿಯಾ ಆರ್‌ಎಸ್ ದಕ್ಷಿಣದಲ್ಲಿ ಇನ್ನೂ ಅಲ್ಲಲ್ಲಿ ಕಂಡರೂ ರಾಜಧಾನಿಯಲ್ಲಿ ಅವುಗಳ ಆಟ ಮುಗಿದಿದೆ.

ಇಲ್ಲಿ ಉಳಿದಿರುವ ಹಳೆಯ ಚುರುಕು ಕಾರುಗಳಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ ಒಳ್ಳೆಯ ಉದಾಹರಣೆ. 2013ರಲ್ಲಿ ಬಂದದ್ದು, 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್, ಏಳು ಗೇರಿನ ಡಿಎಸ್‌ಜಿ. ಬಿಎಸ್-4 ಕಾರಾದ್ದರಿಂದ ಸದ್ಯಕ್ಕೆ ರಕ್ಷಣೆಯೊಳಗಿದೆ. ಪೋಲೊ ತಯಾರಿಕೆ 2022ರಲ್ಲಿ ನಿಂತುಹೋಯಿತು. ಅಂಥದೇ ಇನ್ನೊಂದು ಹೊಸದಾಗಿ ಸಿಗುವುದಿಲ್ಲವಲ್ಲ ಎಂದು ಇರುವುದನ್ನೇ ಸಿಂಗರಿಸುವವರು ಹೆಚ್ಚು. ಆದರೆ ಹದಿನೈದರ ಗಡಿಯನ್ನು ನೋಡಿದರೆ ಹತ್ತು ಹನ್ನೆರಡು ವರ್ಷದ ಕಾರಿಗೆ ಮುಂದಿರುವ ಆಯಸ್ಸು ಸುಮಾರಾಗಿ ಒಂದು ಸೆಟ್ ಟೈರಿನ ಆಯಸ್ಸು. ಈ ಲೆಕ್ಕದಲ್ಲಿ ದುಡ್ಡು ಮೊದಲು ಟೈರಿಗೆ ಹೋಗಬೇಕು, ಮಿಕ್ಕದ್ದು ರಿಮ್ಮಿಗೆ. ದಿಲ್ಲಿಯ ಅಂಗಡಿಗಳಲ್ಲಿ ನಡೆಯುವುದು ಸಾಮಾನ್ಯವಾಗಿ ಇದರ ಉಲ್ಟಾ.

ರಿಮ್ ಕೂರುತ್ತದೋ ಇಲ್ಲವೋ ಎಂಬುದನ್ನು ಕೆಲವು ಅಂಕಿಗಳು ತೀರ್ಮಾನಿಸುತ್ತವೆ. ಬೋಲ್ಟ್ ತೂತುಗಳು ಕೂತಿರುವ ವೃತ್ತದ ವ್ಯಾಸವೇ ಪಿಸಿಡಿ. ಪೋಲೊದಲ್ಲಿ ಐದು ಬೋಲ್ಟ್, 100 ಮಿ.ಮೀ.; ಅಂಗಡಿಯಲ್ಲಿ ಇದಕ್ಕೆ 'ಐದು-ನೂರು' ಎನ್ನುತ್ತಾರೆ. ವೆಂಟೊ, ರ‍್ಯಾಪಿಡ್, ಫೇಬಿಯಾಗಳದ್ದೂ ಇದೇ. ಹೋಂಡಾ ಸಿಟಿಯ ಹಲವು ತಲೆಮಾರುಗಳಲ್ಲಿ ನಾಲ್ಕು-ನೂರು, ಫೋರ್ಡ್ ಫಿಯೆಸ್ಟಾದಲ್ಲಿ ನಾಲ್ಕು-ನೂರೆಂಟು. ನಡುವಿನ ದೊಡ್ಡ ತೂತು ಸೆಂಟರ್ ಬೋರ್, ಪೋಲೊಗೆ 57.1 ಮಿ.ಮೀ. ಆಫ್ಟರ್‌ಮಾರ್ಕೆಟ್ ರಿಮ್‌ಗಳು ಹಲವು ಕಾರಿಗೆ ಹೊಂದಲೆಂದು ಇದನ್ನು ದೊಡ್ಡದಾಗಿಯೇ ಕೊರೆದಿರುತ್ತಾರೆ. ನಡುವಿನ ಸಂದಿಗೆ ಹಬ್ ರಿಂಗ್ ಹಾಕದಿದ್ದರೆ ಚಕ್ರ ಹಬ್ಬಿನ ನಟ್ಟನಡುವೆ ಕೂರದೆ ಹೋಗಬಹುದು, ವೇಗ 80-90 ಮುಟ್ಟುತ್ತಲೇ ಸ್ಟೀರಿಂಗ್ ನಡುಗತೊಡಗಬಹುದು. ಎಷ್ಟು ಸಲ ಬ್ಯಾಲೆನ್ಸಿಂಗ್ ಮಾಡಿಸಿದರೂ ಆ ನಡುಕ ಹೋಗುವುದಿಲ್ಲ. ಕಡಿಮೆ ಬೆಲೆಯ ಒಂದು ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಬಳೆಯಿಂದ ಹೋಗುತ್ತದೆ.

ಆಫ್‌ಸೆಟ್ ಇನ್ನಷ್ಟು ಸೂಕ್ಷ್ಮದ್ದು. ರಿಮ್ಮಿನ ಅಗಲದ ನಡುಗೆರೆಗೂ ಅದು ಹಬ್ಬಿಗೆ ತಾಗುವ ಮುಖಕ್ಕೂ ಇರುವ ಅಂತರ ಇದು. ರಿಮ್ಮಿನ ಮೇಲೆ 'ಇಟಿ' ಎಂಬ ಅಕ್ಷರಗಳ ಮುಂದೆ ಅಚ್ಚಾಗಿರುತ್ತದೆ. ಪೋಲೊದ ಮೂಲ ಹದಿನೈದು ಇಂಚಿನ ರಿಮ್‌ನಲ್ಲಿ ಇದು 40ರ ಆಸುಪಾಸು, ಅಗಲ 6 ಇಂಚು. ಅದರ ಜಾಗಕ್ಕೆ 7 ಇಂಚು ಅಗಲದ, ಇಟಿ 35ರ ರಿಮ್ ಬಂತೆನ್ನಿ. ಅಗಲ ಹೆಚ್ಚಿದ್ದಕ್ಕೆ ಹೊರಬದಿಗೆ ಸುಮಾರು 12.7 ಮಿ.ಮೀ., ಆಫ್‌ಸೆಟ್ ತಗ್ಗಿದ್ದಕ್ಕೆ ಇನ್ನೈದು. ಒಟ್ಟು 17 ಮಿ.ಮೀ.ಗೂ ಹೆಚ್ಚು ಹೊರಚಾಚುತ್ತದೆ. ಹಿಂದೆ ನಾಲ್ವರು ಕೂತು ಕಾಲೊನಿಯ ಸ್ಪೀಡ್ ಬ್ರೇಕರ್ ಹತ್ತಿಸಿದರೆ ಟೈರ್ ಫೆಂಡರಿನ ಅಂಚಿಗೆ ಉಜ್ಜುತ್ತದೆ. ವೀಲ್ ಬೇರಿಂಗ್ ಮೇಲೂ ಹೊರೆ ಏರುತ್ತದೆ, ಸ್ಟೀರಿಂಗ್ ರಸ್ತೆಯ ಗೀರುಗಳ ಹಿಂದೆ ಓಡತೊಡಗುತ್ತದೆ. ಚಕ್ರ ಹೊರಗೆ ಬಂದಷ್ಟೂ ಗತ್ತು ಎಂಬ ನಂಬಿಕೆಗೆ ಹಳೆಯ ಕಾರಿನ ಬುಷ್‌ಗಳು ತೆರುವ ಬೆಲೆ ಇದು.

ಇನ್ನು ಬೋಲ್ಟ್. ಜಪಾನಿ ಕಾರುಗಳಲ್ಲಿ ಹಬ್ಬಿನಿಂದ ಸ್ಟಡ್ ಹೊರಬಂದು ಅದಕ್ಕೆ ನಟ್ ಬೀಳುತ್ತದೆ. ಫೋಕ್ಸ್‌ವ್ಯಾಗನ್‌ನಲ್ಲಿ ಬೋಲ್ಟೇ ಹಬ್ಬಿನೊಳಗೆ ಹೋಗುತ್ತದೆ. ಅದರ ಅಳತೆ ಎಂ14, ಪಿಚ್ 1.5. ತಲೆಯ ಕೆಳಗೆ ರಿಮ್ಮಿಗೆ ಒತ್ತಿಕೊಳ್ಳುವ ಭಾಗ ಕಂಪನಿಯ ಬೋಲ್ಟಿನಲ್ಲಿ ಗೋಲಿಯಂತೆ ಗುಂಡಗಿದೆ. ಹೊರಗಿನ ಅಲಾಯ್‌ಗಳಿಗೆ ಬೇಕಾಗುವುದು ಬಹುತೇಕ 60 ಡಿಗ್ರಿಯ ಶಂಕುವಿನ ಆಕಾರ. ಗುಂಡು ಬೋಲ್ಟನ್ನು ಶಂಕುವಿನ ಗುಳಿಗೆ ಬಿಗಿದರೆ ಒಂದು ಸಣ್ಣ ಉಂಗುರದಷ್ಟು ಜಾಗದಲ್ಲಿ ಮಾತ್ರ ಲೋಹ ಲೋಹಕ್ಕೆ ತಾಗುತ್ತದೆ. ಕೈಗೆ ಬಿಗಿಯಾದಂತೆ ತೋರಿದರೂ ಓಡುತ್ತ ಓಡುತ್ತ ಸಡಿಲಾಗುತ್ತದೆ. ಅಂಗಡಿಯವನು ಹಳೆಯ ಬೋಲ್ಟನ್ನೇ ನ್ಯೂಮ್ಯಾಟಿಕ್ ಗನ್ನಿನಿಂದ ಗುರ್ರೆನ್ನಿಸಿ ಬಿಗಿಯಲು ಹೊರಟರೆ ಅಲ್ಲೇ ತಡೆಯಬೇಕು. ಬೇಕಾದದ್ದು ರಿಮ್ಮಿಗೆ ಹೊಂದುವ ಹೊಸ ಬೋಲ್ಟ್, ಕೊನೆಯಲ್ಲಿ ಟಾರ್ಕ್ ರೆಂಚಿನಿಂದ 120 ನ್ಯೂಟನ್ ಮೀಟರ್.

ಟೈರ್ ಅಳತೆಯ ವಿಷಯದಲ್ಲಿ ಲೆಕ್ಕ ಸುಲಭ, ಆಸೆ ಕಷ್ಟ. ಜಿಟಿಗೆ ಮೊದಲು ಬಂದದ್ದು 185/60 ಆರ್15. ಅಂದರೆ 185 ಮಿ.ಮೀ. ಅಗಲ, ಅದರ ಶೇ 60, ಅಂದರೆ 111 ಮಿ.ಮೀ., ಎತ್ತರದ ಸೈಡ್‌ವಾಲ್, 15 ಇಂಚಿನ ರಿಮ್. ಒಟ್ಟು ವ್ಯಾಸ 603 ಮಿ.ಮೀ. ನಂತರದ ವರ್ಷಗಳಲ್ಲಿ ಕಂಪನಿಯೇ 195/55 ಆರ್16 ಕೊಟ್ಟಿತು. ಅದರ ವ್ಯಾಸ 621, ಶೇ 3ರಷ್ಟು ಹೆಚ್ಚು. ಹಳೆಯ ಕಾರಿಗೆ ಇದನ್ನು ಹಾಕಿದರೆ ಮೀಟರ್ 100 ತೋರಿಸುವಾಗ ಕಾರು ಮೊದಲಿಗಿಂತ 3 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ. ಕಾರು ಕಂಪನಿಗಳು ಮೀಟರನ್ನು ನಿಜವಾದ ವೇಗಕ್ಕಿಂತ ತುಸು ಹೆಚ್ಚು ತೋರಿಸುವಂತೆ ಇಟ್ಟಿರುವುದರಿಂದ ಇಷ್ಟನ್ನು ತಡೆದುಕೊಳ್ಳಬಹುದು. ಇದಕ್ಕಿಂತ ಮೇಲೆ ಹೋಗಬಾರದು. 195/60 ಆರ್15ರ ವ್ಯಾಸ 615, 205/50 ಆರ್16ರದ್ದು 611. ಎರಡೂ ಮಿತಿಯೊಳಗಿವೆ. 205/45 ಆರ್17 ಕೂಡ ಲೆಕ್ಕದಲ್ಲಿ 616ಕ್ಕೆ ಬಂದು ಪಾಸಾಗುತ್ತದೆ, ಆದರೆ ಸೈಡ್‌ವಾಲ್ 92 ಮಿ.ಮೀ.ಗೆ ಇಳಿದಿರುತ್ತದೆ. ಮಳೆಗಾಲದ ದಿಲ್ಲಿಯಲ್ಲಿ ನೀರು ಮುಚ್ಚಿದ ಗುಂಡಿಗೆ ಇಳಿದರೆ ರಿಮ್ಮಿನ ಅಂಚು ಬಾಗುವುದು, ಟೈರಿನ ಪಕ್ಕೆಯಲ್ಲಿ ಉಬ್ಬು ಏಳುವುದು ಇಂಥ ತೆಳು ಟೈರಿನಲ್ಲೇ. ಪಕ್ಕೆಯೊಳಗಿನ ದಾರ ಹರಿದದ್ದರ ಗುರುತು ಆ ಉಬ್ಬು, ಅದಕ್ಕೆ ರಿಪೇರಿಯಿಲ್ಲ. ಈ ಕಾರಿಗೆ, ಈ ಊರಿಗೆ ಹದಿನೇಳು ಇಂಚು ದಂಡ. ಹದಿನೈದರಲ್ಲೇ ಉಳಿದು ಒಳ್ಳೆಯ 195/60 ಹಾಕಿಸುವುದು ಜಾಣತನ. ನೋಟಕ್ಕೆ ಮನಸ್ಸು ಸೋತರೆ ಹದಿನಾರು, ಅಲ್ಲಿಗೆ ನಿಲ್ಲಬೇಕು. 195/55 ಆರ್16 ಬಲೆನೊ, ಐ20ಗಳ ಅಳತೆಯೂ ಆದ್ದರಿಂದ ಯಾವ ಅಂಗಡಿಯಲ್ಲೂ ಸಿಗುತ್ತದೆ. ಸೋನಿಪತ್‌ನಲ್ಲಿ ಟೈರ್ ಒಡೆದು ನಿಂತವನಿಗೆ ಇದರ ಬೆಲೆ ಗೊತ್ತಾಗುತ್ತದೆ.

ಅಳತೆಯಷ್ಟೇ ಮುಖ್ಯ ತೂಕ. ಚಕ್ರ, ಟೈರ್, ಬ್ರೇಕ್ ಇವೆಲ್ಲ ಸ್ಪ್ರಿಂಗಿನ ಕೆಳಗಿರುವ ಭಾರ; ಅದು ಹೆಚ್ಚಿದಷ್ಟೂ ಶಾಕ್ ಅಬ್ಸಾರ್ಬರ್‌ಗೆ ಚಕ್ರವನ್ನು ರಸ್ತೆಗೆ ಒತ್ತಿಹಿಡಿಯುವುದು ಕಷ್ಟ. ತಿರುಗುವ ಭಾರವಾದ್ದರಿಂದ ಎಂಜಿನ್ನಿಗೂ ಬ್ರೇಕಿಗೂ ಹೊರೆ. 105 ಪಿಎಸ್ ಕಾರಿಗೆ ಅಗ್ಗದ, ದಪ್ಪ ಕಡ್ಡಿಯ ಎರಕದ ರಿಮ್ ಹಾಕಿದರೆ ದುಡ್ಡು ಕೊಟ್ಟು ಕಾರನ್ನು ನಿಧಾನ ಮಾಡಿಸಿಕೊಂಡಂತೆ. ಅಚ್ಚಿಗೆ ಲೋಹ ಎರೆದು ಮಾಡಿದ್ದಕ್ಕಿಂತ, ಎರಕದ ಬಳಿಕ ಅಂಚನ್ನು ರೋಲರಿನಲ್ಲಿ ಒತ್ತಿ ತೆಳುವಾಗಿಸಿದ ಫ್ಲೋ-ಫಾರ್ಮ್ಡ್ ರಿಮ್ ಹಗುರ. ಫೋರ್ಜ್ಡ್ ಇನ್ನೂ ಹಗುರ, ಬೆಲೆ ಮಾತ್ರ ಈ ಕಾರಿಗೆ ಹೊಂದುವುದಿಲ್ಲ. ಕೊಳ್ಳುವ ಮುಂಚೆ ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ರಿಮ್ ಸಿಕ್ಕಿಸಿ ನೋಡುವುದರಲ್ಲಿ ನಾಚಿಕೆಯೇನಿಲ್ಲ. ಕಂಪನಿಯ ಮೂಲ ರಿಮ್ಮಿಗಿಂತ ಭಾರವಾಗಿದ್ದರೆ ಬಿಟ್ಟುಬಿಡುವುದು ಲೇಸು.

ಸರಕು ಸಿಗುವ ಜಾಗಗಳಿಗೇನೂ ಕೊರತೆಯಿಲ್ಲ. ಕರೋಲ್ ಬಾಗ್‌ನ ಗಲ್ಲಿಗಳಲ್ಲಿ ಗೋಡೆ ತುಂಬ ನೇತುಹಾಕಿದ ಅಲಾಯ್‌ಗಳು, ಕಶ್ಮೀರಿ ಗೇಟ್‌ನಲ್ಲಿ ಬಿಡಿಭಾಗಗಳ ಸಗಟು ಪೇಟೆ, ಪಶ್ಚಿಮ ದಿಲ್ಲಿಯ ಮಾಯಾಪುರಿಯಲ್ಲಿ ಬಿಚ್ಚಿದ ಕಾರುಗಳ ಗುಜರಿ. ಜರ್ಮನ್, ಜಪಾನಿ ಹೆಸರಾಂತ ವಿನ್ಯಾಸಗಳ ನಕಲು ಎಲ್ಲೆಲ್ಲೂ ಇವೆ. ರಿಮ್ಮಿನ ಹಿಂಬದಿಯನ್ನು ತಿರುಗಿಸಿ ನೋಡಿದರೆ ಅಳತೆ, ಇಟಿ, ತಾಳುವ ಗರಿಷ್ಠ ಭಾರ ಎರಕದಲ್ಲೇ ಮೂಡಿರಬೇಕು. ಜೆಡಬ್ಲ್ಯುಎಲ್ ಎಂಬುದು ಜಪಾನಿನ ಮಾನದಂಡಕ್ಕೆ ಹೊಂದುತ್ತದೆ ಎಂದು ತಯಾರಕನೇ ಹೇಳಿಕೊಳ್ಳುವ ಗುರುತು. ವಿಐಎ ಇದ್ದರೆ ಹೊರಗಿನ ಸಂಸ್ಥೆಯೊಂದು ಪರೀಕ್ಷಿಸಿದೆ ಎಂದರ್ಥ. ನಕಲಿನವರು ಗುರುತನ್ನೂ ನಕಲು ಮಾಡುತ್ತಾರೆ, ಹಾಗಾಗಿ ಇವನ್ನೇ ನಂಬಿ ಕೂರುವಂತಿಲ್ಲ. ಮಾಯಾಪುರಿಯ ಸೆಕೆಂಡ್‌ಹ್ಯಾಂಡ್ ರಿಮ್ ಆದರೆ ಬ್ಯಾಲೆನ್ಸಿಂಗ್ ಮೆಷಿನ್ನಿಗೆ ಹಾಕಿಸಿ, ತಿರುಗುವಾಗ ಒಳ ಅಂಚಿನ ಮೇಲೆ ಕಣ್ಣಿಡಬೇಕು. ಅಂಚು ಮೇಲೆ ಕೆಳಗೆ ಕುಣಿದರೆ ಬಾಗಿದೆ. ಹೊರಗಿನ ಬಣ್ಣ ಹಳತಾಗಿ ಒಳಬದಿಯಲ್ಲಿ ಒಂದೇ ಕಡೆ ಹೊಸ ಬಣ್ಣ ಕಂಡರೆ ಅದರಡಿ ಬಿರುಕು, ಬಿರುಕಿಗೆ ವೆಲ್ಡಿಂಗ್ ಇರುವ ಸಂಭವ ಹೆಚ್ಚು. ಅಂಥದ್ದು ಬಿಟ್ಟಿ ಸಿಕ್ಕರೂ ಬೇಡ.

ಟೈರ್ ವಿಷಯದಲ್ಲಿ ದಿಲ್ಲಿ ಒಂಥರಾ ತವರು. ಬಲ್ಲಭಗಢದಲ್ಲಿ ಗುಡ್‌ಇಯರ್, ಬಹಾದುರ್‌ಗಢದಲ್ಲಿ ಯೊಕೊಹಾಮಾ ಕಾರ್ಖಾನೆಗಳಿವೆ. ಅಪೊಲೊದ ಮುಖ್ಯ ಕಚೇರಿ ಗುರುಗ್ರಾಮದಲ್ಲಿದೆ. ಮೈಸೂರಿನ ವಿಕ್ರಾಂತ್ ಟೈರ್ಸನ್ನು 1997ರಲ್ಲಿ ತೆಕ್ಕೆಗೆ ತೆಗೆದುಕೊಂಡ ಜೆಕೆ ಟೈರ್ ದಿಲ್ಲಿಯದೇ. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಹೊಸ ಟೈರ್‌ಗಳ ಆಮದಿಗೆ ನಿರ್ಬಂಧ ಹಾಕಿದ ಮೇಲೆ ಹೊರದೇಶದ ಸ್ಪೋರ್ಟಿ ಟೈರ್‌ಗಳು ಸಲೀಸಾಗಿ ಸಿಗುತ್ತಿಲ್ಲ. ಸಿಕ್ಕಿದ್ದು ಎಷ್ಟು ವರ್ಷ ಗೋದಾಮಿನಲ್ಲಿತ್ತು ಎಂದು ನೋಡಲೇಬೇಕು. ಪಕ್ಕೆಯ ಮೇಲೆ ಡಾಟ್ ಸಂಕೇತದ ಕೊನೆಗೆ ನಾಲ್ಕು ಅಂಕಿಗಳಿರುತ್ತವೆ: 2324 ಎಂದರೆ 2024ರ 23ನೇ ವಾರದಲ್ಲಿ ತಯಾರಾದದ್ದು. ಭಾರತದಲ್ಲಿ ಮಾರುವ ಕಾರಿನ ಟೈರಿಗೆ ಐಎಸ್‌ಐ ಗುರುತು ಕಡ್ಡಾಯ. 84ಎಚ್ ಎಂದಿದ್ದರೆ 84 ಎನ್ನುವುದು ಒಂದು ಟೈರ್ 500 ಕೆ.ಜಿ. ಹೊರುತ್ತದೆಂಬ ಸೂಚನೆ, ಎಚ್ ಎಂದರೆ ಗಂಟೆಗೆ 210 ಕಿ.ಮೀ. ತಾಳಿಕೆ. ಭಾರದ ಅಂಕಿ ಕಂಪನಿ ಕೊಟ್ಟದ್ದಕ್ಕಿಂತ ಕೆಳಗಿಳಿಯಕೂಡದು. ವೇಗದ ಅಕ್ಷರ ಎಚ್ ಅಥವಾ ವಿ ಇದ್ದರೆ ಬಿಸಿ ತಾಳುವ ಶಕ್ತಿ ಹೆಚ್ಚು. ಈ ಊರಿಗೆ ಅದೇ ಬೇಕಾದದ್ದು.

ಏಕೆಂದರೆ ಟೈರಿನ ದೊಡ್ಡ ಶತ್ರು ಬಿಸಿ. 2012ರಲ್ಲಿ ಸಂಚಾರಕ್ಕೆ ತೆರೆದ ಯಮುನಾ ಎಕ್ಸ್‌ಪ್ರೆಸ್‌ವೇ ಗ್ರೇಟರ್ ನೋಯ್ಡಾದಿಂದ ಆಗ್ರಾವರೆಗೆ 165 ಕಿ.ಮೀ. ಕಾಂಕ್ರೀಟ್. ಮೇ ತಿಂಗಳ 45 ಡಿಗ್ರಿಯಲ್ಲಿ, ಗಾಳಿ ಕಡಿಮೆಯಿರುವ ಟೈರ್ ಈ ರಸ್ತೆಯಲ್ಲಿ ಒಂದೇ ಸಮ ಓಡಿದರೆ ಪಕ್ಕೆ ಬಾಗಿ ಬಾಗಿ ಒಳಗೆ ಕಾದು ಒಡೆಯುತ್ತದೆ. ಇಲ್ಲಿಯ ಟೈರ್ ಒಡೆತದ ಕಥೆಗಳಿಗೆಲ್ಲ ಕಾಂಕ್ರೀಟನ್ನೇ ದೂರುವುದು ರೂಢಿ. ಗಾಳಿ ನೋಡದ ಟೈರುಗಳನ್ನು ಯಾರೂ ದೂರುವುದಿಲ್ಲ. ಚಳಿಗಾಲದಲ್ಲಿ ತೊಂದರೆ ಬೇರೆ ಬಗೆಯದು. ಉಷ್ಣಾಂಶ 10 ಡಿಗ್ರಿ ಇಳಿದಾಗ ಟೈರಿನ ಗಾಳಿ ಸುಮಾರು ಒಂದೂವರೆ ಪಿಎಸ್‌ಐ ತಗ್ಗುತ್ತದೆ. ಸೆಪ್ಟೆಂಬರಿನ 35 ಡಿಗ್ರಿಯಲ್ಲಿ ತುಂಬಿಸಿದ 33 ಪಿಎಸ್‌ಐ, ಜನವರಿಯ 5 ಡಿಗ್ರಿಯ ಮುಂಜಾನೆಗೆ ಮುಟ್ಟದೆಯೇ 28ಕ್ಕೆ ಬಂದಿರುತ್ತದೆ. ಮುರ್ತಲ್‌ನ ಪರಾಠಕ್ಕೆಂದು ಮಂಜಿನಲ್ಲಿ ಹೊರಡುವ ಕಾರುಗಳ ಪೈಕಿ ಇಂಥವು ಎಷ್ಟೋ. ಅತಿ ಸ್ಪೋರ್ಟಿ, ಮೆತ್ತನೆ ರಬ್ಬರಿನ ಟೈರ್‌ಗಳು ಆ ಚಳಿಯಲ್ಲಿ ಗಡಸಾಗಿ ಹಿಡಿತ ಕಳೆದುಕೊಳ್ಳುತ್ತವೆ, ಬೇಗ ಸವೆಯುತ್ತವೆ ಕೂಡ. ಬುದ್ಧ್ ರೇಸ್ ಸರ್ಕ್ಯೂಟ್‌ನಲ್ಲಿ ಓಡಿಸುವ ಹುಚ್ಚಿದ್ದವರಿಗೆ ಅವು ಸರಿ. ದಿನದ ಓಡಾಟಕ್ಕೆ ಮಳೆನೀರನ್ನು ಚೆನ್ನಾಗಿ ಹೊರತಳ್ಳುವ, ಆಳವಾದ ಟ್ರೆಡ್‌ನ ಟೂರಿಂಗ್ ಟೈರ್ ಸಾಕು. ಕಾನೂನಿನ ಪ್ರಕಾರ ಕಾರಿನ ಟೈರಿನ ಟ್ರೆಡ್ ಆಳ 1.6 ಮಿ.ಮೀ.ಗಿಂತ ಕಡಿಮೆ ಇರಬಾರದು. ಜುಲೈ ಮಳೆಯಲ್ಲಿ ಬ್ರೇಕ್ ಒತ್ತುವವನಿಗೆ 3 ಮಿ.ಮೀ. ಮುಟ್ಟಿದಾಗಲೇ ಬದಲಿಸುವುದು ಕ್ಷೇಮ.

ಇನ್ನು ಮಾರ್ಪಾಡಿನ ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಾರನ್ನು ತಯಾರಕರ ಮೂಲ ವಿವರಗಳಿಂದ ಬದಲಾಯಿಸುವುದಕ್ಕೆ ಕಡಿವಾಣ ಹಾಕುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಮತ್ತಷ್ಟು ಬಿಗಿಗೊಳಿಸಿತು. ಅದೇ ಮಾದರಿಗೆ ಕಂಪನಿ ಕೊಟ್ಟಿರುವ ಅಳತೆಯೊಳಗೆ ಇರುವುದು ಎಲ್ಲಕ್ಕಿಂತ ಸುರಕ್ಷಿತ. ಫೆಂಡರಿನಿಂದ ಹೊರಚಾಚಿದ ಚಕ್ರ ಟ್ರಾಫಿಕ್ ಪೊಲೀಸರನ್ನು ಕೈಬೀಸಿ ಕರೆಯುತ್ತದೆ. ಹೊಸ ಅಲಾಯ್ ಹಾಕಿಸಿದ್ದನ್ನು ವಿಮಾ ಕಂಪನಿಗೆ ತಿಳಿಸಿ ಪಾಲಿಸಿಯಲ್ಲಿ ಸೇರಿಸಿಕೊಂಡಿರಬೇಕು, ಇಲ್ಲದಿದ್ದರೆ ಕ್ಲೇಮಿನ ಹೊತ್ತಿಗೆ ತಕರಾರು ಬರುತ್ತದೆ.

ಹೊಸ ಚಕ್ರ ಕೂತ ದಿನವೇ ಅಲೈನ್‌ಮೆಂಟ್ ಮಾಡಿಸುವುದು ವಾಡಿಕೆ. ಹಳೆಯ ಕಾರಿನಲ್ಲಿ ಅದಕ್ಕೂ ಮೊದಲು ಲೋಯರ್ ಆರ್ಮ್ ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಬೇಕು. ಬುಷ್ ಸೀಳಿದ್ದರೆ ಅಲೈನ್‌ಮೆಂಟ್ ನಿಲ್ಲುವುದಿಲ್ಲ, ಹೊಸ ಟೈರ್ ಒಳಅಂಚಿನಲ್ಲಿ ಸವೆಯುತ್ತದೆ. ನೂರು ಕಿ.ಮೀ. ಓಡಿದ ಬಳಿಕ ಬೋಲ್ಟ್‌ಗಳ ಬಿಗಿಯನ್ನು ಮತ್ತೊಮ್ಮೆ ಪರೀಕ್ಷಿಸಬೇಕು. ಸ್ಟೆಪ್ನಿ ಹಳೆಯ ಉಕ್ಕಿನ ರಿಮ್ಮೇ ಆಗಿದ್ದರೆ ಅದಕ್ಕೆ ಹೊಂದುವುದು ಕಂಪನಿಯ ಹಳೆಯ ಗುಂಡು ಬೋಲ್ಟ್ ಮಾತ್ರ. ಆದ್ದರಿಂದ ಬಿಚ್ಚಿದ ಬೋಲ್ಟ್‌ಗಳಲ್ಲಿ ಐದನ್ನು ಡಿಕ್ಕಿಯಲ್ಲಿ ಜಾಕ್ ಜೊತೆಗೇ ಇಟ್ಟಿರಬೇಕು. ಹೊಸ ಟೈರಿನ ವ್ಯಾಸಕ್ಕೂ ಸ್ಟೆಪ್ನಿಯ ವ್ಯಾಸಕ್ಕೂ ಅಂತರವಿದ್ದರೆ ಅದನ್ನು ಹಾಕಿಕೊಂಡು ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ಮಾತ್ರ, ಅದೂ ನಿಧಾನಕ್ಕೆ ಹೋಗಬಹುದು.